ಕೊಬ್ಬರಿ ಎಣ್ಣೆಯ ಮೂವತ್ತಾರು ಚೆಂಡುಗಳು

ಚೆಂಡಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಸೂರಿನ ಸರಸ್ವತಿಪುರಂನ ಖಾಲಿ ಸೈಟುಗಳಲ್ಲಿ ಹತ್ತು ವರ್ಷ ಕ್ರಿಕೆಟ್ ಆಡಿದವನು ನಾನು. ಬ್ಯಾಟಿಂಗಿನಲ್ಲಿ ಹನ್ನೊಂದನೆಯವನು. ಬೌಲಿಂಗ್ ಯಾರೂ ಕೊಡುತ್ತಿರಲಿಲ್ಲ. ಆದರೆ ಚೆಂಡನ್ನು ತೊಡೆಗೆ ಉಜ್ಜಿ ಹೊಳಪು ತರಿಸುವ ವಿದ್ಯೆಯಲ್ಲಿ ಇಡೀ ಬಡಾವಣೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ವಿಕೆಟ್ ಬೀಳದಿದ್ದಾಗಲೆಲ್ಲ ನಮ್ಮ ಕ್ಯಾಪ್ಟನ್ ಚೆಂಡನ್ನು ನನ್ನತ್ತ ಎಸೆದು, "ಲೋ ಶ್ರೀಧರ, ಸ್ವಲ್ಪ ಉಜ್ಜಿ ಕೊಡೋ" ಎನ್ನುತ್ತಿದ್ದ. ಬಲತೊಡೆಯ ಮೇಲೆ ಕೆಂಪು ಕಲೆಯಿಲ್ಲದ ಪ್ಯಾಂಟು ನನ್ನ ಹತ್ತಿರ ಒಂದೂ ಇರಲಿಲ್ಲ. ಇಷ್ಟು ಅರ್ಹತೆಯುಳ್ಳ ಮನುಷ್ಯ ನೆದರ್‌ಲ್ಯಾಂಡ್ಸ್‌ನ ಒಂದು ಬೇಸ್‌ಬಾಲ್ ತಂಡವನ್ನು ಸೀಸನ್ನಿನ ನಡುವೆ ಮುಳುಗಿಸಿದ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಮುಳುಗಿಸಿದೆ!

ಅದು ಎರಡು ಸಾವಿರದ ಇಸವಿ ಬರುತ್ತದೆಂದು ಜಗತ್ತಿನ ಕಂಪ್ಯೂಟರುಗಳೆಲ್ಲ ಹೆದರಿ ಕೂತಿದ್ದ ಕಾಲ. ಅವುಗಳಿಗೆ ಧೈರ್ಯ ತುಂಬಲು ರೈಸ್‌ವೈಕ್ ಎಂಬ ಡಚ್ ಊರಿನ ಒಂದು ಆಫೀಸು ನನ್ನನ್ನು ಕರೆಸಿಕೊಂಡಿತ್ತು. ಹೆಂಡತಿ ವತ್ಸಲಾ ಜೊತೆಗೆ ಬಂದಿದ್ದಳು, ಆರು ತಿಂಗಳಿಗಾಗುವಷ್ಟು ಸಾರಿನ ಪುಡಿ ಮತ್ತು ಕೊಬ್ಬರಿ ಎಣ್ಣೆಯ ಸಮೇತ. ನಮ್ಮ ಪಕ್ಕದ ಮನೆಯವರು ಹೆಂಕ್. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಅಂಗೈ ಮಾತ್ರ ಮೊರದಷ್ಟಗಲ. ನಾವು ಅವರನ್ನು ಹೆಂಕ್ ತಾತ ಎಂದೇ ಕರೆಯುತ್ತಿದ್ದೆವು. ಊರಿನ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಅವರು ಏನೋ ಕೆಲಸ ಮಾಡುತ್ತಿದ್ದರು. ಏನು ಕೆಲಸವೆಂದು ನಾನು ವಿಚಾರಿಸಿರಲಿಲ್ಲ. ಮೇ ತಿಂಗಳ ಒಂದು ಶನಿವಾರ ನಮ್ಮಿಬ್ಬರನ್ನೂ ಪಂದ್ಯಕ್ಕೆ ಕರೆದುಕೊಂಡು ಹೋದರು.

ಚಿನ್ನಿದಾಂಡಿಗೆ ಯೂನಿಫಾರ್ಮ್ ಹಾಕಿದ್ದಾರೆ, ಅಷ್ಟೆ, ಎಂದುಕೊಂಡು ಹೋಗಿದ್ದೆ. ಆಗ ನಮ್ಮ ತಂಡದ ಪಿಚರ್, ಕುರಸಾವ್ ದ್ವೀಪದಿಂದ ಬಂದ ಎಡ್ಸೆಲ್ ಎಂಬ ಆರೂವರೆ ಅಡಿಯ ಯುವಕ, ಮಣ್ಣಿನ ದಿಬ್ಬದ ಮೇಲೆ ನಿಂತು ಒಂದು ಚೆಂಡು ಎಸೆದ. ಚೆಂಡು ಬ್ಯಾಟುಗಾರನ ಎದೆಯ ನೇರಕ್ಕೆ ಬಂತು. ಅವನು ಬ್ಯಾಟು ಬೀಸಿದ. ಅಷ್ಟರಲ್ಲಿ ಚೆಂಡು ಗಾಳಿಯಲ್ಲೇ ಮನಸ್ಸು ಬದಲಾಯಿಸಿ ಅವನ ಮೊಣಕಾಲಿನ ಹತ್ತಿರ ಹೋಗಿ ಕೀಪರನ ಗ್ಲೌಸು ಸೇರಿತು. ನೆಲಕ್ಕೆ ಬಿದ್ದು ತಿರುಗುವ ಚೆಂಡನ್ನು ನೋಡಿದ್ದೆ. ನೆಲಕ್ಕೆ ಬೀಳದೆಯೇ ಹೀಗೆ ಇಳಿಯುವ ಚೆಂಡನ್ನು ಜನ್ಮದಲ್ಲಿ ನೋಡಿರಲಿಲ್ಲ. ಕೈಯಲ್ಲಿದ್ದ ಕೋಡುಬಳೆ ಕೈಯಲ್ಲೇ ಉಳಿಯಿತು.

"ರೀ, ಬಾಯಿ ಮುಚ್ಚಿ. ನೊಣ ಹೋಗತ್ತೆ" ಎಂದಳು ವತ್ಸಲಾ.

ಅಂದಿನಿಂದ ನಾನು ಆ ತಂಡದ ಭಕ್ತನಾದೆ. ಊಟದ ತಟ್ಟೆ ಹಿಡಿದುಕೊಂಡೇ ಟೀವಿಯ ಟೆಲಿಟೆಕ್ಸ್ಟ್ ಪುಟಗಳಲ್ಲಿ ಸ್ಕೋರು ಹುಡುಕುತ್ತಿದ್ದೆ. ಪರವೂರಿನ ಪಂದ್ಯಗಳಿಗೆ ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಹೋದೆ. ಡಚ್ ಭಾಷೆಯಲ್ಲಿ ಬ್ರೆಡ್ ಕೇಳಲು ತಡವರಿಸುತ್ತಿದ್ದವನು ಪತ್ರಿಕೆಯ ಅಂಕಪಟ್ಟಿಯನ್ನು ಮಾತ್ರ ಸರಾಗವಾಗಿ ಓದುತ್ತಿದ್ದೆ. ಜೂನ್ ಮುಗಿದು ಸೀಸನ್ ಅರ್ಧಕ್ಕೆ ಬಂದಾಗ ನಾಲ್ಕನೆಯ ಸ್ಥಾನದಲ್ಲಿ ನಾವು ಮತ್ತು ಇನ್ನೊಂದು ತಂಡ ಸಮಸಮ. ಮೊದಲ ನಾಲ್ವರಿಗೆ ಮಾತ್ರ ಚಾಂಪಿಯನ್ ಪಟ್ಟಕ್ಕೆ ಹೋರಾಡುವ ಯೋಗ. ಹೆಂಕ್ ತಾತ ಕ್ಲಬ್ಬಿಗೆ ಸೇರಿ ಮೂವತ್ತು ವರ್ಷವಾಗಿತ್ತು. ಒಮ್ಮೆಯೂ ಆ ಯೋಗ ಬಂದಿರಲಿಲ್ಲ. ನಮಗೆ ಸಮನಾಗಿದ್ದ ಆ ತಂಡವೇ ಬರುವ ಶನಿವಾರ ನಮ್ಮ ಮೈದಾನಕ್ಕೆ ಬರಲಿತ್ತು.

ಆ ವಾರವೇ ಹೆಂಕ್ ತಾತನ ಮಂಡಿಯ ಆಪರೇಷನ್!

ಗುರುವಾರ ಆಸ್ಪತ್ರೆಗೆ ಹೊರಡುವ ಮೊದಲು ಅವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಕ್ಯಾನ್ವಾಸ್ ಚೀಲ.

"ಮೂವತ್ತಾರು ಚೆಂಡಿದೆ. ಎಲ್ಲ ತಯಾರಾಗಿದೆ. ಶನಿವಾರ ಅಂಪೈರ್ ಕೈಗೆ ಕೊಡು. ಬೇರೇನೂ ಮಾಡಬೇಡ" ಎಂದರು ಇಂಗ್ಲಿಷಿನಲ್ಲಿ.

ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಚಾಮುಂಡೇಶ್ವರಿಯ ಒಡವೆ ಪೆಟ್ಟಿಗೆಯನ್ನು ಒಪ್ಪಿಸಿದ್ದರೂ ಅಷ್ಟು ಭಯಭಕ್ತಿ ಬರುತ್ತಿರಲಿಲ್ಲವೇನೋ. ತಂಡದಲ್ಲಿ ನನಗೂ ಒಂದು ಸ್ಥಾನ ಸಿಕ್ಕಿತ್ತು.

ಶುಕ್ರವಾರ ಸಂಜೆ ಆಫೀಸಿನಿಂದ ಬಂದು ಚೀಲ ಬಿಚ್ಚಿದೆ. ಹಾಲಿನ ಬಣ್ಣದಲ್ಲಿರಬೇಕಾದ ಚೆಂಡುಗಳೆಲ್ಲ ಕೆಸರು ಬಣ್ಣ! ಒಂದೊಂದನ್ನೂ ಎತ್ತಿ ನೋಡಿದೆ. ಹೊಲಿಗೆಯ ಸಂದಿಯವರೆಗೂ ಮಣ್ಣು ಮೆತ್ತಿಕೊಂಡಿತ್ತು. ಪಾಪ, ಮಂಡಿ ನೋವಿನಲ್ಲಿ ಮುದುಕರಿಗೆ ಒರೆಸಲೂ ಆಗಿಲ್ಲ. ಸ್ವಾಭಿಮಾನಿ ಮನುಷ್ಯ, ತಯಾರಾಗಿದೆ ಎಂದು ಬಾಯಲ್ಲಿ ಹೇಳಿ ಹೋಗಿದ್ದಾರೆ. ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ತೋಳು ಮಡಚಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊಲಿಗೆಯ ಸಂದಿಗಳನ್ನು ತಿಕ್ಕಿದೆ. ಚರ್ಮ ಒಣಗಿದಂತೆ ಕಂಡಿತು. ಚರ್ಮ ಒಣಗಿದರೆ ನಮ್ಮ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ.

"ರೀ! ಅದು ನನ್ನ ತಲೇಗೆ ಇಟ್ಕೊಂಡಿರೋ ಎಣ್ಣೆ!"

"ಎರಡೇ ಹನಿ ಕಣೇ. ಒಂದೊಂದಕ್ಕೆ ಎರಡೇ ಹನಿ."

"ಮೂವತ್ತಾರು ಚೆಂಡು ಅಂದ್ರೆ ನಂಗೂ ಲೆಕ್ಕ ಬರತ್ತೆ. ಅದಿರ್ಲಿ, ಅವ್ರು ಬೇರೇನೂ ಮಾಡ್ಬೇಡ ಅಂದಿದ್ರಲ್ವಾ? ಒಂದ್ಸಲ ಆಸ್ಪತ್ರೆಗೆ ಫೋನ್ ಮಾಡಿ ಕೇಳ್ಬಿಡಿ."

"ಚೆಂಡಿನ ವಿಷಯ ನಾನು ಇನ್ನೊಬ್ರನ್ನ ಕೇಳೋದಾ?" ಎಂದು ನಕ್ಕೆ.

ಆಗಲೇ ಕೇಳಿದ್ದರೆ ಈ ಬರಹವನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಅಂದು ಸಂಜೆ ಮೂವತ್ತಾರು ಚೆಂಡುಗಳನ್ನೂ ಬಲತೊಡೆಗೆ ಉಜ್ಜಿದೆ. ತೊಡೆ ಉರಿಯಿತು, ಪ್ಯಾಂಟು ಸವೆಯಿತು, ಚೆಂಡುಗಳು ಹೊಳೆದವು. ಎಷ್ಟು ಹೊಳೆದವೆಂದರೆ ಒಂದರಲ್ಲಿ ಬಾಗಿ ಮುಖ ನೋಡಿಕೊಳ್ಳಲು ಪ್ರಯತ್ನಿಸಿದೆ. ಇಂತಹ ಚೆಂಡು ಕೈಗೆ ಸಿಕ್ಕರೆ ಎಡ್ಸೆಲ್ ಏನೇನು ಪವಾಡ ಮಾಡಬಹುದೆಂದು ನೆನೆದು ಮೈ ಜುಮ್ಮೆಂದಿತು.

ಶನಿವಾರ ಚೀಲವನ್ನು ಅಂಪೈರಿಗೆ ಒಪ್ಪಿಸಿದೆ. ಹೆಂಕ್ ತಾತನ ಚೀಲವನ್ನು ಮೂವತ್ತು ವರ್ಷಗಳಲ್ಲಿ ಯಾವ ಅಂಪೈರೂ ಪರೀಕ್ಷಿಸಿರಲಿಲ್ಲವಂತೆ. ಈತನೂ ನೋಡದೆಯೇ ಏಳೆಂಟು ಚೆಂಡುಗಳನ್ನು ಸೊಂಟದ ಚೀಲಕ್ಕೆ ತುಂಬಿಕೊಂಡ. ಕೊನೆಯದನ್ನು ಹಾಕಿಕೊಳ್ಳುವಾಗ ಮಾತ್ರ ಹುಬ್ಬೇರಿಸಿದ. ಮೆಚ್ಚುಗೆಯೆಂದು ತಿಳಿದು ನಾನು ವಿನಯದಿಂದ ತಲೆ ಬಾಗಿಸಿದೆ.

ಎಡ್ಸೆಲ್ ಮೊದಲ ಚೆಂಡನ್ನು ಎಸೆದ. ಅದು ಬ್ಯಾಟುಗಾರನ ತಲೆ, ಕೀಪರನ ತಲೆ, ಅಂಪೈರಿನ ತಲೆ ಮೂರನ್ನೂ ದಾಟಿ ನಮ್ಮೆದುರಿನ ಬಲೆಗೆ ಬಡಿಯಿತು! ಎರಡನೆಯದು ಬ್ಯಾಟುಗಾರನ ಬೆನ್ನಿಗೆ. ಅವನು ಬೆನ್ನು ಸವರಿಕೊಂಡು ಮೊದಲ ಬೇಸಿಗೆ ನಡೆದ. ಆ ಆಟದಲ್ಲಿ ಮೈಗೆ ಚೆಂಡು ತಗುಲಿದರೂ, ನಾಲ್ಕು ಕೆಟ್ಟ ಎಸೆತ ಬಿದ್ದರೂ ಬ್ಯಾಟುಗಾರನಿಗೆ ಪುಕ್ಕಟೆ ನಡಿಗೆ. ಅವನ ಹಿಂದೆ ಇನ್ನೊಬ್ಬ ನಡೆದ. ಮತ್ತೊಬ್ಬ ನಡೆದ. ಮೂರು ಬೇಸುಗಳೂ ತುಂಬಿದವು. ಆಮೇಲೆ ನಡೆದವರು ಮುಂದಿನವರನ್ನು ರನ್ ಸಿಗುವ ಕೊನೆಯ ಬೇಸಿಗೆ, ಅಂದರೆ ಮನೆಗೆ, ತಳ್ಳತೊಡಗಿದರು. ಒಂದು ರನ್, ಎರಡು ರನ್. ಬ್ಯಾಟಿಗೆ ಚೆಂಡು ತಾಗಿಯೇ ಇರಲಿಲ್ಲ!

ಎಡ್ಸೆಲ್ ಅಂಗೈ ನೋಡಿಕೊಂಡ. ಪಾಪ, ಹುಡುಗ ಹೆದರಿದ್ದಾನೆ ಎಂದು ನನಗೆ ಕನಿಕರವಾಯಿತು. ಎದ್ದು ನಿಂತು, ಆವೇಶದಲ್ಲಿ ಕನ್ನಡದಲ್ಲೇ ಕೂಗಿದೆ.

"ಉಜ್ಜಪ್ಪಾ! ತೊಡೆಗೆ ಉಜ್ಜು!"

ಅಭಿನಯವನ್ನೂ ಮಾಡಿ ತೋರಿಸಿದೆ. ಮುಂದಿನ ಸಾಲಿನಲ್ಲಿ ಕೂತು ಸ್ಕೋರು ಬರೆಯುತ್ತಿದ್ದ ಇಬ್ಬರು ಅಜ್ಜಿಯರು ನನ್ನ ತೊಡೆಯನ್ನೂ ಮುಖವನ್ನೂ ನೋಡಿ ಕುರ್ಚಿಗಳನ್ನು ಸ್ವಲ್ಪ ಆಚೆ ಎಳೆದುಕೊಂಡರು.

ಮೂರನೆಯ ರನ್ ಬಂದ ಎಸೆತ ಅಂಪೈರಿನ ಭುಜಕ್ಕೆ ಬಡಿಯಿತು. ಆತ ಆ ಚೆಂಡನ್ನು ಎತ್ತಿಕೊಂಡ. ಬೆರಳಿನಿಂದ ಸವರಿದ. ಮೂಸಿದ. ಮತ್ತೊಮ್ಮೆ, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದ. ಆಮೇಲೆ ಸೀದಾ ದಿಬ್ಬದ ಹತ್ತಿರ ಹೋಗಿ ಎಡ್ಸೆಲ್‌ನ ಟೋಪಿ ತೆಗೆಸಿದ, ಗ್ಲೌಸಿನ ಒಳಗೆ ಕೈ ಹಾಕಿ ನೋಡಿದ. ಚೆಂಡಿಗೆ ಜಿಡ್ಡು ಹಚ್ಚುವ ಪಿಚರನನ್ನು ಆಟದಿಂದಲೇ ಹೊರಹಾಕುತ್ತಾರೆ ಎಂದು ಪಕ್ಕದವರು ಹೇಳಿದರು. ಮುಂದಿನ ಪಂದ್ಯಗಳಿಗೂ ನಿಷೇಧ ಬರಬಹುದಂತೆ.

ವತ್ಸಲಾ ನನ್ನ ಕಡೆ ತಿರುಗಿ ನೋಡಲೂ ಇಲ್ಲ.

"ಹೋಗಿ. ಒಪ್ಕೊಳ್ಳಿ" ಎಂದಳು.

ಬೇಲಿ ಹಾರಿದೆ. ಹಾರಿದೆ ಎಂಬುದು ಗೌರವಕ್ಕೆ ಹೇಳುವ ಮಾತು. ಪ್ಯಾಂಟಿನ ಸವೆದ ಭಾಗ ಬೇಲಿಗೆ ಸಿಕ್ಕಿ ಹರಿಯಿತು, ನಾನು ಆಚೆ ಬದಿಗೆ ಬಿದ್ದೆ. ಎದ್ದು ಓಡಿದೆ. ನೂರಾರು ಜನ ನೋಡುತ್ತಿದ್ದರು.

"ಅವನದೇನೂ ತಪ್ಪಿಲ್ಲ. ಎಣ್ಣೆ ನನ್ನದು!"

ಅಂಪೈರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪುರಾವೆ ಬೇಕಿತ್ತೇನೋ. ಬಾಗಿ ನನ್ನ ತಲೆಯನ್ನು ಮೂಸಿದ. ಚೆಂಡನ್ನು ಮೂಸಿದ. ಇನ್ನೊಮ್ಮೆ ತಲೆಯನ್ನು ಮೂಸಿದ. ಎಡ್ಸೆಲ್ ನಿರಪರಾಧಿಯೆಂದು ತೀರ್ಪು ಕೊಟ್ಟ. ನನ್ನ ಜೀವನದಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡದ್ದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಆದರೆ ಮೂರು ರನ್ ಮಾತ್ರ ಹಾಗೆಯೇ ಉಳಿಯುತ್ತವೆ ಎಂದ. ಮೂವತ್ತಾರು ಚೆಂಡುಗಳನ್ನು ಸರಿ ಮಾಡುವವರೆಗೆ ಆಟ ನಿಲ್ಲಿಸಿದ.

ಕ್ಲಬ್ಬಿನ ಕಾರ್ಯದರ್ಶಿ ಕ್ಯಾಂಟೀನಿನ ಫೋನಿನಿಂದ ಆಸ್ಪತ್ರೆಗೆ, ಹೆಂಕ್ ತಾತನ ಹಾಸಿಗೆಯ ಬಳಿಗೆ ಕರೆ ಮಾಡಿದರು. ಆಗ ಎಲ್ಲರಿಗೂ ವಿಷಯ ತಿಳಿಯಿತು. ಹೊಸ ಚೆಂಡು ಜಾರುತ್ತದೆ. ಅದರ ಹೊಳಪು ತೆಗೆಯಲು ತಾತ ಪ್ರತಿ ಪಂದ್ಯಕ್ಕೂ ಮೊದಲು, ಮೈದಾನದ ಹಿಂದಿನ ಕಾಲುವೆಯ ಅಂಚಿನಲ್ಲಿ ಮೊಣಕೈವರೆಗೆ ಕೈ ಇಳಿಸಿ, ಮರಳಿಲ್ಲದ ನುಣುಪಾದ ಮಣ್ಣನ್ನೇ ಹುಡುಕಿ ತೆಗೆಯುತ್ತಿದ್ದರು. ಅದನ್ನು ಅಂಗೈಗೆ ಸವರಿಕೊಂಡು ಒಂದೊಂದೇ ಚೆಂಡನ್ನು ಉಜ್ಜುತ್ತಿದ್ದರು. ನಾನು ಹೊಳಪು ತರಲು ಉಜ್ಜಿದ್ದೆ. ಅವರು ಮೂವತ್ತು ವರ್ಷದಿಂದ ಹೊಳಪು ಹೋಗಲೆಂದು ಉಜ್ಜುತ್ತಿದ್ದರು!

ಕ್ಯಾಂಟೀನಿನ ಹೆಂಗಸರು ಪಾತ್ರೆ ತೊಳೆಯುವ ಸೋಪಿನಿಂದ ಎಣ್ಣೆ ತೆಗೆದರು. ಆಟಗಾರರು ಮೊಣಕಾಲೂರಿ ಕಾಲುವೆಯಿಂದ ಮಣ್ಣು ತೆಗೆದರು. ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಎರಡೂ ತಂಡದವರು, ಹೌದು, ಎದುರಾಳಿಗಳೂ, ಹುಲ್ಲಿನ ಮೇಲೆ ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಚೆಂಡು ಹಿಡಿದು ಉಜ್ಜತೊಡಗಿದರು. ಎಡ್ಸೆಲ್ ಉಜ್ಜಿದ. ಅವನ ಏಟು ತಿಂದ ಬ್ಯಾಟುಗಾರ ಅವನ ಪಕ್ಕದಲ್ಲೇ ಕೂತು ಉಜ್ಜಿದ. ಅಂಪೈರ್ ಉಜ್ಜಿದ. ಸ್ಕೋರು ಬರೆಯುವ ಅಜ್ಜಿಯರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಉಜ್ಜಿದರು. ಯಾರೂ ಬೈಯಲಿಲ್ಲ. ನಲವತ್ತು ಜನ ಸೇರಿ ಮುಕ್ಕಾಲು ಗಂಟೆ ತೆಗೆದುಕೊಂಡ ಕೆಲಸವನ್ನು ಒಬ್ಬ ಮನುಷ್ಯ ಯಾರಿಗೂ ಹೇಳದೆ ಮಾಡುತ್ತಿದ್ದನಲ್ಲ ಎಂದು ಆಗ ಹೊಳೆಯಿತು. ಅಲ್ಲಿಯವರೆಗೆ ಆಟವೇ ದೊಡ್ಡ ಅದ್ಭುತ ಎಂದುಕೊಂಡಿದ್ದೆ.

ನಾನೂ ಒಂದು ಚೆಂಡಿಗೆ ಕೈ ಚಾಚಿದೆ. ಮೂರು ಜನ ಒಟ್ಟಿಗೆ, "ನೇ!" ಎಂದರು. ಡಚ್ ಭಾಷೆಯಲ್ಲಿ ಬೇಡ ಎನ್ನುವುದು ಅಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಅರ್ಥವಾಗಿರಲಿಲ್ಲ.

ಆಮೇಲೆ ಎಡ್ಸೆಲ್ ದೇವರಂತೆ ಎಸೆದ. ಎದುರಾಳಿಗಳಿಗೆ ಕೊನೆಯವರೆಗೆ ಸಿಕ್ಕಿದ್ದು ಇನ್ನೊಂದೇ ರನ್. ನಾವು ಮೂರು ಹೊಡೆದೆವು. ಸೋತದ್ದು ನಾಲ್ಕು ಮೂರರಲ್ಲಿ. ಆ ನಾಲ್ಕರಲ್ಲಿ ಮೂರು ನನ್ನವು! ಬ್ಯಾಟು ಮುಟ್ಟದೆ ಒಂದೇ ಪಂದ್ಯದಲ್ಲಿ ಮೂರು ರನ್ ಮಾಡಿದ ಪ್ರೇಕ್ಷಕ ನಾನೊಬ್ಬನೇ ಇರಬೇಕು. ನಾವು ಐದನೆಯ ಸ್ಥಾನಕ್ಕೆ ಇಳಿದೆವು. ನಾಲ್ಕನೆಯವರಿಗೂ ನಮಗೂ ಒಂದೇ ಪಂದ್ಯದ ಅಂತರ. ಅದು ಯಾವ ಪಂದ್ಯವೆಂದು ಊರಿಗೆಲ್ಲ ಗೊತ್ತು.

ಭಾನುವಾರ ಆಸ್ಪತ್ರೆಗೆ ಹೋದೆವು. ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ಹೆಂಕ್ ತಾತನೆದುರು ನಾನು ಕೈಮುಗಿದು ನಿಂತೆ. ಅವರು ಕಿಟಕಿಯ ಕಡೆ ತಿರುಗಿದರು.

"ಮೂವತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ, ಹೆಂಕ್, ಚೆಂಡು ಯಾಕೆ ಕೊಳೆಯಾಗಿದೆ ಅಂತ. ನೀನೂ ಕೇಳಲಿಲ್ಲ."

ಅಷ್ಟೇ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಈಗ ಕೇಳ್ತೀನಿ, ತಾತ. ಹೇಳಿಕೊಡಿ" ಎಂದೆ.

ತಾತ ಊರುಗೋಲಿನ ಮೇಲೆ ಮನೆಗೆ ಬಂದ ವಾರದಿಂದಲೇ ಪಾಠ ಶುರುವಾಯಿತು. ಪ್ರತಿ ಶುಕ್ರವಾರ ಸಂಜೆ ಅವರ ಹಿತ್ತಲಿನಲ್ಲಿ ಅವರು ಕುರ್ಚಿಯಲ್ಲಿ, ನಾನು ನೆಲದಲ್ಲಿ, ಅವರ ದಪ್ಪ ನಾಯಿ ನಮ್ಮಿಬ್ಬರ ನಡುವೆ. ನಾನು ಒಂದು ಚೆಂಡನ್ನು ಕಾಲು ಗಂಟೆ ಉಜ್ಜಿ ಕೊಡುವುದು, ಅವರು ತಿರುಗಿಸಿ ನೋಡಿ, "ಮತ್ತೆ" ಎನ್ನುವುದು. ಹೀಗೆ ಮೂರು ಶುಕ್ರವಾರ ಕಳೆದವು. ನಾಲ್ಕನೆಯ ಶುಕ್ರವಾರ ಅವರು ಚೆಂಡನ್ನು ತಿರುಗಿಸಿ ನೋಡಿದರು, "ಮತ್ತೆ" ಎನ್ನಲಿಲ್ಲ. ಪಕ್ಕದ ನೀಲಿ ಚೀಲಕ್ಕೆ ಹಾಕಿದರು!

ನಾನು ಮನೆಗೆ ಹಾರಿಕೊಂಡೇ ಬಂದೆ.

"ವತ್ಸಲಾ! ಪಾಸಾದೆ ಕಣೇ! ನಾಳೆ ಎಡ್ಸೆಲ್ ಕೈಯಲ್ಲಿ ನನ್ನ ಚೆಂಡು!"

"ಯಾವ ಚೀಲಕ್ಕೆ ಹಾಕಿದ್ರು?"

"ನೀಲಿ ಚೀಲಕ್ಕೆ."

ಅವಳು ಒಗ್ಗರಣೆಯ ಸೌಟನ್ನು ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದಳು.

"ಅದು ನಾಯಿ ಆಡೋ ಚೆಂಡಿನ ಚೀಲ ಕಣ್ರೀ."

ಇರಲಿ, ಯಾರಿಗಾದರೂ ಉಪಯೋಗವಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಬೆಳಿಗ್ಗೆ ಕಿಟಕಿಯಿಂದ ಇಣುಕಿದೆ. ಹೆಂಕ್ ತಾತ ನನ್ನ ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿದರು. ನಾಯಿ ಓಡಿಹೋಗಿ, ಅದರ ಸುತ್ತ ಒಂದು ಸುತ್ತು ಹಾಕಿ, ಬಾಯಿ ಹಾಕದೆ, ಬೇರೆ ಚೆಂಡು ತರಲು ಮನೆಯೊಳಗೆ ಹೋಯಿತು!