ಪರದೆಯಾಚೆಯ ಇಪ್ಪತ್ತು ಸೊನ್ನೆಗಳು

ಇಂಗ್ಲಿಷ್ ಮಾತಾಡುವಾಗ ಹೆಚ್ಚು ತಪ್ಪು ಮಾಡುವವರು ಹುಡುಗರೋ ಹುಡುಗಿಯರೋ ಎಂಬ ಪ್ರಶ್ನೆ ರಾಮಾಂಜಿನಪ್ಪನವರ ತಲೆಗೆ ಹೊಕ್ಕಿದ್ದೇ ತೊಂದರೆಯ ಮೂಲ. ಪೀಣ್ಯದ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದ ಅವರು ಎಂ.ಎಡ್. ಪ್ರಬಂಧಕ್ಕೆ ಅದನ್ನೇ ವಿಷಯ ಮಾಡಿಕೊಂಡಿದ್ದರು. ಅಂಕಿಅಂಶಗಳ ಪಟ್ಟಿ ಆ ಸಂಜೆ ಐದರೊಳಗೆ ಕಾಲೇಜು ಮುಟ್ಟದಿದ್ದರೆ ಅವರು ಇನ್ನೊಂದು ವರ್ಷ ಕಾಯಬೇಕು. ಹೆಡ್‌ಮಾಸ್ಟರ್ ಕುರ್ಚಿ ಕಾಯುವುದಿಲ್ಲ.

ದಾಸರಹಳ್ಳಿಯ ಆಚೆ ಒಂದು ಮುಸ್ಲಿಂ ವಸತಿಶಾಲೆಯಿತ್ತು. ಅಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಂದೇ ಊಟ, ಒಂದೇ ಪುಸ್ತಕ, ಏಳುವುದೂ ಒಂದೇ ಗಂಟೆಗೆ. ಪ್ರಯೋಗಕ್ಕೆ ಇದಕ್ಕಿಂತ ಇನ್ನೇನು ಬೇಕು?

ವಾರ್ಡನ್ ಬಾಷಾ ಸಾಹೇಬರು ಮೊದಲು ಚಹಾ ಕೊಟ್ಟರು, ಆಮೇಲೆ ಇಪ್ಪತ್ತು ಹುಡುಗರನ್ನು ಕೊಟ್ಟರು. ಮೊದಲನೆಯವನು ಎರಡು ತಪ್ಪು ಮಾಡಿದ. ಮೇಷ್ಟ್ರು ಮುಖ ಅರಳಿಸಿ ಬರೆದುಕೊಂಡರು. ಎರಡನೆಯವನು ಐದು. ಹತ್ತನೆಯವನ ಹೊತ್ತಿಗೆ ತಪ್ಪುಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತಾದವು. "ಎಸ್ಟರ್‌ಡೇ ಐ ವಿಲ್ ವೆಂಟಿಂಗ್ ತುಮಕೂರ್," ಎಂದ ಒಬ್ಬ. ಒಟ್ಟು ನೂರ ಎಂಬತ್ತಮೂರು.

"ಸಾಕಾ ಸಾರ್? ಕಮ್ಮಿ ಬಿದ್ರೆ ಅಡುಗೆಯವನನ್ನೂ ಕರೀತೀನಿ," ಎಂದರು ಸಾಹೇಬರು.

ಹುಡುಗಿಯರು ಪರದೆಯ ಆಚೆ ಕೂತಿದ್ದರು. ಅವರ ಟೀಚರ್ ಖಮರುನ್ನೀಸಾ ಈಚೆ ನಿಂತಿದ್ದರು. ಮೇಷ್ಟ್ರು ಒಂದರಿಂದ ಇಪ್ಪತ್ತರವರೆಗೆ ನಂಬರು ಕರೆದು ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿದರು. ಉತ್ತರಗಳು ಉದ್ದವಾಗಿದ್ದವು, ತಪ್ಪು ಒಂದೂ ಇರಲಿಲ್ಲ. ಧ್ವನಿಗಳೂ ಹೆಚ್ಚುಕಡಿಮೆ ಒಂದೇ ಥರ ಇದ್ದವು. 'ಒಂದೇ ಊಟದ ಪರಿಣಾಮವೆ?' ಎಂದು ಬದಿಯಲ್ಲಿ ಟಿಪ್ಪಣಿ ಮಾಡಿಕೊಂಡರು.

ಪಟ್ಟಿ ಮುಗಿಯಿತು. ನಾಲ್ಕರ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಹೊರಟಿದ್ದರೆ ಆಗುತ್ತಿತ್ತು, ಆದರೆ ಕುತೂಹಲ ಬಿಡಲಿಲ್ಲ. "ಇವರು ಯಾವತ್ತೂ ತಪ್ಪೇ ಮಾಡಲ್ವೇನಮ್ಮ?"

"ಯಾಕ್ ಮಾಡಲ್ಲ ಸಾರ್? ಅದಕ್ಕೇ ಹಫೀಜಾ ಒಬ್ಬಳೇ ಮಾತಾಡಿದ್ದು. ಕುರಾನ್ ಪಾಠ ಒಪ್ಪಿಸೋವಾಗ್ಲೂ ನಮ್ಮಲ್ಲಿ ಹಾಗೇ. ಒಬ್ಬರು ಹೇಳ್ತಾರೆ, ಮಿಕ್ಕೋರು ತಪ್ಪು ಹಿಡೀತಾರೆ."

"ಇಪ್ಪತ್ತು ಸಲಾನೂ ಅವಳೇನಾ?"

"ನೀವು ನಂಬರ್ ಕರೆದ್ರಿ, ಹೆಸರು ಕೇಳಲಿಲ್ಲ."

ಮೇಷ್ಟ್ರು ಬಾಷಾ ಸಾಹೇಬರ ಕಡೆ ತಿರುಗಿದರು. "ಹುಡುಗರದ್ದಾದರೂ ಉಳೀತಲ್ಲ."

"ನೀವು ತಪ್ಪು ಬರ್ಕೊಳ್ಳೋವಾಗ ಖುಷಿಯಾಗ್ತಿದ್ರಿ ಸಾರ್," ಎಂದರು ಸಾಹೇಬರು ಸಂಕೋಚದಿಂದ. "ಮನೆಗೆ ಬಂದ ಮೆಹಮಾನರಿಗೆ ಬೇಜಾರಾಗಬಾರದು ಅಂತ ಹುಡುಗರು ಜಾಸ್ತೀನೇ ಮಾಡಿದ್ರು."

ಮೇಷ್ಟ್ರು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಹಾಗಾದ್ರೆ ಉಳಿದ ಹತ್ತೊಂಬತ್ತು ಜನ ಹುಡುಗೀರು ಸುಮ್ಮನೆ ಕೂತಿದ್ರಾ?"

"ಇಲ್ಲ ಸಾರ್. ಹಫೀಜಾ ತಪ್ಪು ಮಾಡಲಿಲ್ಲವಲ್ಲ, ಅದಕ್ಕೆ ನಿಮ್ಮದು ಹಿಡಿದ್ರು," ಎಂದರು ಖಮರುನ್ನೀಸಾ.

ಪರದೆಯ ಅಡಿಯಿಂದ ಗೆರೆ ಎಳೆದ ಹಾಳೆಯೊಂದು ಸರಿದು ಬಂತು. ನಲವತ್ತೇಳು ತಪ್ಪು, ಕ್ರಮಸಂಖ್ಯೆ ಸಮೇತ. ಇಷ್ಟು ಅಚ್ಚುಕಟ್ಟಾದ ಅಂಕಿಅಂಶವನ್ನು ಅವರು ಎಲ್ಲೂ ಕಂಡಿರಲಿಲ್ಲ. ಹೊರಗೆ ನಾಲ್ಕರ ಬಸ್ಸು ಬಂದು ಹೋಗುವವರೆಗೂ ಬೆರಳಿಟ್ಟು ಓದಿದರು.

"ಮೂವತ್ತೊಂದನೇದು ಮಾತ್ರ ತಪ್ಪಲ್ಲ ಅನ್ಸುತ್ತೆ," ಎಂದರು ಕೊನೆಗೆ.

ಪರದೆಯ ಆಚೆ ಗುಸುಗುಸು ನಡೆಯಿತು. ಖಮರುನ್ನೀಸಾ ಕಿವಿಗೊಟ್ಟು ಕೇಳಿ ಈಚೆ ತಿರುಗಿದರು.

"ಅದನ್ನ ನಾಲ್ಕು ಸಲ ಹೇಳಿದೀರಂತೆ ಸಾರ್. ಮರ್ಯಾದೆಗೆ ಅಂತ ಒಂದೇ ಸಲ ಬರೆದಿದ್ರು. ಈಗ ಐವತ್ತು ಮಾಡ್ತಾರಂತೆ, ಹಾಳೆ ಒಂಚೂರು ಕೊಡಿ."