ರಷ್ಯದ ಇತಿಹಾಸ, ಲೋಬಾನದ ಅಂಗಡಿಯಲ್ಲಿ

ಮಸ್ಕತ್‌ನ ಮತ್ರಾ ಪೇಟೆಯಲ್ಲಿ ಇಪ್ಪತ್ತು ವರ್ಷ ಧೂಪಕ್ಕೆ ಹಾಕುವ ಲೋಬಾನ ಮಾರಿದವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಾಗಿಲಿಗೆ ಬರುತ್ತವೆ. ಎರಡು ಸಾವಿರದ ಐದಾರರ ಹೊತ್ತಿಗೆ ನನ್ನ ಬಾಗಿಲಿಗೆ ಅವು ಬಸ್ಸಿನಲ್ಲಿ ಬರತೊಡಗಿದವು. ರಷ್ಯದ ಪ್ರವಾಸಿಗರ ಬಸ್ಸು. ಜೊತೆಗೊಬ್ಬ ಗೈಡಮ್ಮ, ತನ್ನ ಊರಲ್ಲಿ ಇತಿಹಾಸ ಕಲಿಸುತ್ತಿದ್ದವಳು. ನಾನು ಅವಳನ್ನು ಟೀಚರ್ ಎನ್ನುತ್ತಿದ್ದೆ, ಅವಳು ಪೇಟೆಯವರನ್ನು ನೋಡಿ ನನ್ನನ್ನು ಸೇಠ್ ಎನ್ನುತ್ತಿದ್ದಳು. ನಮ್ಮ ಸಾಲಿನಲ್ಲಿ ಲೋಬಾನದ ಅಂಗಡಿ ಐದು. ಟೀಚರ್ ಯಾವ ಬಾಗಿಲು ಹೊಕ್ಕರೆ ನಲವತ್ತು ಜನಕ್ಕೂ ಅದೇ ಬಾಗಿಲು. ಹಾಗಾಗಿ ಅವಳ ಮನಸ್ಸು ಪಕ್ಕದ ಅಂಗಡಿಗೆ ಹೊರಳದಂತೆ ನೋಡಿಕೊಳ್ಳುವುದೇ ಆಗ ನನ್ನ ಮುಖ್ಯ ಕೆಲಸ.

ಹೊಸ್ತಿಲು

ಮೊದಲ ದಿನ ಒಳಗೆ ನಿಂತೇ ಹೊರಗಿದ್ದ ಟೀಚರಿಗೆ ಕೈ ಚಾಚಿದೆ. ಕಾದ ಕಾವಲಿ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡಳು. ರಷ್ಯದಲ್ಲೂ ಮಡಿ ಇದೆಯೇನೋ ಎಂದು ಕೈ ಮುಗಿದೆ.

"ಅದಲ್ಲ ಸೇಠ್, ಹೊಸ್ತಿಲ ಮೇಲೆ ಕೈ ಕುಲುಕಿದರೆ ಜಗಳವಾಗುತ್ತದೆ. ನೀವು ಹೊರಗೆ ಬನ್ನಿ, ಇಲ್ಲಾ ನಾನು ಒಳಗೆ ಬರುತ್ತೇನೆ."

"ಯಾವ ಕಾಲದ ಪದ್ಧತಿ ಇದು?"

"ನಾವು ಕ್ರೈಸ್ತರಾಗುವುದಕ್ಕೂ ಹಿಂದಿನದು ಅಂತಾರೆ. ಸತ್ತ ಹಿರಿಯರು ಹೊಸ್ತಿಲ ಕೆಳಗೆ ಇರುತ್ತಾರಂತೆ."

ಹೊಸ್ತಿಲ ಮೇಲೆ ಕೂತರೆ ಉಡುಪಿಯಲ್ಲಿ ನನ್ನ ಅಜ್ಜಿಯೂ ಬೈಯುತ್ತಿದ್ದಳು. ಆದರೆ ಅದರಲ್ಲಿ ವ್ಯಾಪಾರ ಇದೆಯೆಂದು ಅಜ್ಜಿಗೆ ಹೊಳೆದಿರಲಿಲ್ಲ. ಮುಂದಿನ ಬಸ್ಸಿನಿಂದ ನಾನು ಅಂಗಡಿಯ ತೀರಾ ಒಳಗೆ, ಕೊನೆಯ ಕಪಾಟಿನ ಪಕ್ಕ ಕೈ ಚಾಚಿಕೊಂಡು ನಿಂತೆ. ನಲವತ್ತು ಜನವೂ ಅಷ್ಟು ದೂರ ನಡೆದು ಬಂದು ಕುಲುಕಿದರು. ವಾಪಸು ಹೋಗುವಾಗ ಒಂದು ಕೈಯೂ ಖಾಲಿ ಇರಲಿಲ್ಲ.

ಗಡ್ಡ

ಎದುರಿನ ಬೆಳ್ಳಿ ಅಂಗಡಿಯ ಒಮಾನಿ ಹಾಜಿಗೆ ಎದೆ ಮುಟ್ಟುವ ಗಡ್ಡ. ನನಗಿಂತ ಒಳ್ಳೆಯ ಹಿಂದಿ. ಒಂದು ದಿನ ಅವರು ನನ್ನಲ್ಲಿ ಕಾವಾ ಕಾಫಿ ಕುಡಿಯುತ್ತಿದ್ದಾಗ ಟೀಚರ್ ತನ್ನವರಿಗೆ ರಷ್ಯನ್‌ನಲ್ಲೂ ನನಗೆ ಇಂಗ್ಲಿಷಿನಲ್ಲೂ ಅವರ ಹಳೆಯ ದೊರೆ ಝಾರ್ ಪೀಟರ್ ಕಥೆ ಹೇಳಿದಳು. ಅವನು ಯುರೋಪ್ ಸುತ್ತಿ ಬಂದವನೇ ದೊಡ್ಡಮನುಷ್ಯರ ಗಡ್ಡಗಳನ್ನು ಕೈಯಾರೆ ಕತ್ತರಿಸಿದನಂತೆ. ಬೇಕೇ ಬೇಕು ಎಂದವರು ಗಡ್ಡಕ್ಕೆ ತೆರಿಗೆ ಕಟ್ಟಿ, ರಶೀದಿಯಾಗಿ ಒಂದು ಬಿಲ್ಲೆ ಇಟ್ಟುಕೊಳ್ಳಬೇಕಂತೆ. ನಾನು ಹಾಜಿಗೆ ಹಿಂದಿಯಲ್ಲಿ ಹೇಳಿದೆ. ಅವರ ಕೈ ತಾನಾಗಿ ಗಡ್ಡಕ್ಕೆ ಹೋಯಿತು.

"ಆ ಮನುಷ್ಯ ಈಗ ಎಲ್ಲಿದ್ದಾನೆ?"

"ಸತ್ತು ಮುನ್ನೂರು ವರ್ಷದ ಹತ್ತಿರವಾಯ್ತು ಹಾಜಿ."

"ಅಲ್‌ಹಮ್ದುಲಿಲ್ಲಾ. ಬಿಲ್ಲೆ ಯಾವುದರದ್ದು?"

"ತಾಮ್ರದ್ದಂತೆ."

ಮುಂದಿನ ಬಸ್ಸಿಗೆ ಹಾಜಿ ಗಡ್ಡ ಬಾಚಿಕೊಂಡು ಕೂತಿದ್ದರು. ಮುಂದೊಂದು ತಟ್ಟೆ, ತಟ್ಟೆ ತುಂಬ ಹಳೆಯ ತಾಮ್ರದ ಕಾಸು. "ರಷ್ಯನ್ ಗಡ್ಡದ ಬಿಲ್ಲೆ! ಬಹಳ ಹಳೇದು!" ಟೀಚರ್ ಒಂದನ್ನು ತಿರುಗಿಸಿ ನೋಡಿ, "ಇದರ ಮೇಲೆ ಅರಬ್ಬಿ ಅಕ್ಷರ ಇದೆಯಲ್ಲ!" ಎಂದಳು.

ಹಾಜಿ ನನ್ನ ಕಡೆ ತಿರುಗಿದರು. "ಹೇಳು ಅವಳಿಗೆ. ಆ ಗಡ್ಡದವನು ಅರಬನಾಗಿದ್ದ."

ಸ್ಯಾಂಪಲ್

ಟೀಚರ್ ಹೇಳಿದ ಇನ್ನೊಂದು ಕಥೆ: ಸಾವಿರ ವರ್ಷದ ಹಿಂದೆ ಕೀವ್‌ನಲ್ಲಿದ್ದ ರಷ್ಯದವರ ದೊರೆಗೆ ಹೊಸ ಧರ್ಮ ಬೇಕಾಯಿತಂತೆ. ಯಾವುದು ಒಳ್ಳೆಯದು ನೋಡಿಬನ್ನಿ ಎಂದು ನಾಲ್ಕು ಕಡೆ ಆಳು ಕಳಿಸಿದ. ಸ್ಯಾಂಪಲ್ ನೋಡದೆ ಮಾಲು ಕೊಳ್ಳದ ಆಸಾಮಿ, ನನಗೆ ತುಂಬ ಹಿಡಿಸಿದ. ಗ್ರೀಕರ ಚರ್ಚಿಗೆ ಹೋದವರು ಬಂದು, ಆ ದೀಪ, ಹಾಡು, ಹೊಗೆಯ ನಡುವೆ ಸ್ವರ್ಗದಲ್ಲಿದ್ದೇವೋ ಭೂಮಿಯಲ್ಲಿದ್ದೇವೋ ತಿಳಿಯಲಿಲ್ಲ ಎಂದರಂತೆ.

"ಹೊಗೆ ಯಾವುದರದ್ದು ಟೀಚರ್?"

"ಧೂಪದ್ದು."

"ಧೂಪ ಎಲ್ಲಿಂದ?"

ಅವಳು ಯೋಚಿಸಿದಳು. "ಅರಬ್ಬರ ಕಡೆಯಿಂದಲೇ ಇರಬೇಕು."

"ಅಂದರೆ ಲೋಬಾನ, ನಮ್ಮ ಒಮಾನಿನ ಸಲಾಲಾದ ಮಾಲು. ಖಲಾಸ್, ತೀರ್ಮಾನವಾಯ್ತು!"

ಅಂದಿನಿಂದ ಪ್ರತಿ ಬಸ್ಸಿಗೂ ಡಬ್ಬಿ ಎತ್ತಿ ತೋರಿಸಿ, ನಿಮ್ಮ ದೇಶಕ್ಕೆ ಧರ್ಮ ಬಂದದ್ದು ಇದರಿಂದ ಎನ್ನತೊಡಗಿದೆ.

"ಸೇಠ್, ಇತಿಹಾಸ ಹಾಳು ಮಾಡುತ್ತಿದ್ದೀರಿ."

"ಟೀಚರ್, ನೀವು ಹೇಳಿದಾಗ ಆಕಳಿಸಿದವರು ನಾನು ಹೇಳಿದಾಗ ಎರಡೆರಡು ಡಬ್ಬಿ ಕೊಂಡರು."

ಅವಳು ಮೆಲ್ಲಗೆ ನೋಟ್‌ಬುಕ್ ತೆಗೆದು ನನ್ನ ಮಾತನ್ನೇ ಬರೆದುಕೊಂಡಳು.

ಒಂದು ನಿಮಿಷ

ಕೊನೆಗೆ ನಾನು ಕಾಯುತ್ತಿದ್ದ ಗಿರಾಕಿಯನ್ನು ಟೀಚರೇ ಕರೆತಂದಳು. ಅವರ ಕಡೆಯ ಹಲವು ಚರ್ಚುಗಳಿಗೆ ಧೂಪ ಒದಗಿಸುವ ಹಿರಿಯರು. ಡಬ್ಬಿಯಲ್ಲ, ಇಪ್ಪತ್ತು ಪೆಟ್ಟಿಗೆ! ಉಳಿದ ನಾಲ್ಕು ಅಂಗಡಿಯವರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಈ ವ್ಯಾಪಾರ ಕೈತಪ್ಪಿದರೆ ಸಾಲಿನಲ್ಲಿ ತಲೆಯೆತ್ತುವಂತಿರಲಿಲ್ಲ. ಒಂದು ಗಂಟೆ ಚೌಕಾಸಿಯಾಗಿ ದರ ಕುದುರಿತು. ನಾನು ಬಿಲ್ ಬರೆಯತೊಡಗಿದೆ. ಹೊರಗೆ ವಿಮಾನ ನಿಲ್ದಾಣಕ್ಕೆ ಹೊರಡಲಿದ್ದ ಬಸ್ಸಿನವನು ಹಾರ್ನ್ ಹಾಕಿದ.

ಅಷ್ಟರಲ್ಲಿ ಹಿರಿಯರು ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಟೀಚರೂ ಸ್ಟೂಲಿನ ಮೇಲೆ ಕೂತಳು. ಮಾತಿಲ್ಲ. ಇಬ್ಬರ ಕಣ್ಣೂ ನೆಲದ ಮೇಲೆ.

ಕೂಗಾಡುವ ಗಿರಾಕಿ ಕೊಳ್ಳುತ್ತಾನೆ, ಎದ್ದು ಹೋದವನು ತಿರುಗಿ ಬರುತ್ತಾನೆ. ಸುಮ್ಮನೆ ಕೂತವನೇ ಅಪಾಯ. ಪಕ್ಕದವನು ದರ ಪಿಸುಗುಟ್ಟಿದ್ದಾನೆ ಎಂದುಕೊಂಡೆ. ಕ್ಯಾಲ್ಕುಲೇಟರ್ ಒತ್ತಿ ಪೆಟ್ಟಿಗೆಗೆ ಎರಡು ರಿಯಾಲ್ ಇಳಿಸಿ ತೋರಿಸಿದೆ. ಮೌನ. ಇನ್ನೂ ಎರಡು ಇಳಿಸಿದೆ. ಟೀಚರ್ ತುಟಿ ಕಚ್ಚಿಕೊಂಡಳು. ಒಂದು ಪೆಟ್ಟಿಗೆ ಪುಕ್ಕಟೆ ಎಂದೆ. ಹಿರಿಯರು ಕಣ್ಣು ಮುಚ್ಚಿಕೊಂಡರು. ಬಂದರಿನ ತನಕ ಸಾಗಾಟವೂ ನನ್ನದೇ ಎಂದೆ.

ಇಬ್ಬರೂ ಥಟ್ಟನೆ ಎದ್ದರು. ಹಿರಿಯರು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಸೇಠ್, ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ನಾವು ಒಂದು ನಿಮಿಷ ಸುಮ್ಮನೆ ಕೂರುತ್ತೇವೆ. ತಾತ ಮುತ್ತಾತಂದಿರ ಕಾಲದ ಪದ್ಧತಿ. ದರ ಆಗಲೇ ಒಪ್ಪಿಯಾಗಿತ್ತು!"

"ಅದನ್ನು ಆಗಲೇ ಹೇಳಬಾರದಿತ್ತೇ?"

"ಹೇಗೆ ಹೇಳಲಿ? ಮಾತಾಡಬಾರದಲ್ಲ!"

ಹಿರಿಯರು ಅವಳ ಕಿವಿಯಲ್ಲಿ ಏನೋ ಹೇಳಿದರು.

"ಏನಂತೆ?"

"ಇಂಥ ವ್ಯಾಪಾರಿಯನ್ನು ಎಲ್ಲೂ ಕಂಡಿಲ್ಲವಂತೆ. ಮುಂದಿನ ವರ್ಷವೂ ನಿಮ್ಮಲ್ಲಿಗೇ ಬರುತ್ತಾರಂತೆ. ಬಂದು ಎರಡು ನಿಮಿಷ ಕೂರುತ್ತಾರಂತೆ."