ಸಾಹೇಬರ ಹೆಸರಿನ ಜೇಡ

ತೊಂದರೆಯೆಲ್ಲ ಶುರುವಾದದ್ದು ಒಂದು ಸೀನಿನಿಂದ. ಸೀನಿದವನು ಸಂಗ್ರಹಾಲಯದ ತಾತ್ಕಾಲಿಕ ಸಂಶೋಧಕ, ಕಚೇರಿಯವರ ಬಾಯಲ್ಲಿ ಜೇಡಪ್ಪ. ಹಾರಿಹೋದದ್ದು ಅವನ ಗಾಜಿನ ತಟ್ಟೆಯಲ್ಲಿದ್ದ ಕುಬ್ಜ ಜೇಡ. ಎಳ್ಳುಕಾಳಿನಷ್ಟು ದೊಡ್ಡದು, ಅದೂ ಹೊಟ್ಟೆ ತುಂಬಿದ್ದರೆ.

ಆ ಕುಲದಲ್ಲಿ ಇದುವರೆಗೆ ಗೊತ್ತಿದ್ದದ್ದು ಒಂದೇ ಪ್ರಭೇದ. ತಲೆಯ ಮೇಲೆ ಏಟು ತಿಂದ ಹಾಗೆ ಬುಗುಟೆಯಿರುವ ಅದಕ್ಕೆ ಹಿಂದಿನ ನಿರ್ದೇಶಕರ ಹೆಸರಿಟ್ಟಿದ್ದರು. ಹೋಲಿಸಿ ನೋಡಲೆಂದು ಅದರದೊಂದನ್ನು ಜೇಡಪ್ಪ ಮೇಜಿನ ಮೇಲಿನ ಸೀಸೆಯಲ್ಲಿ ಜೀವಂತ ಇಟ್ಟಿದ್ದ. ಈಗ ಅವನಿಗೆ ಸಿಕ್ಕಿದ್ದು ನುಣ್ಣನೆ ತಲೆಯದು. ಎರಡನೆಯ ಪ್ರಭೇದವೇ ಸಿಕ್ಕಿತೆಂದು ಹಿಗ್ಗಿದವನು, ಇದಕ್ಕೆ ಈಗಿನ ನಿರ್ದೇಶಕರ ಹೆಸರಿಡುವುದಾಗಿ ಊರಿಗೆಲ್ಲ ಹೇಳಿಬಿಟ್ಟಿದ್ದ. ಹಿಂದಿನವರ ಹೆಸರೆತ್ತಿದರೆ ಈಗಿನವರಿಗೆ ಮೈ ಉರಿಯುತ್ತಿತ್ತು.

"ನಾಲ್ಕು ಗಂಟೆಗೆ ಬಂದು ನೋಡ್ತೀನಿ. ನಿನ್ನ ಕೆಲಸ ಇವತ್ತೇ ಕಾಯಂ" ಎಂದಿದ್ದರು. ಇಲ್ಲದಿದ್ದರೆ ತಿಂಗಳ ಕೊನೆಗೆ ಅವನು ಮನೆಗೆ.

ಈಗ ಮೂರೂವರೆ. ಜೇಡಪ್ಪ ಮೇಜಿನ ಕೆಳಗೆ ಅಂಬೆಗಾಲಿಡುತ್ತಿದ್ದ.

"ಏನಪ್ಪಾ ಹುಡುಕ್ತಿದ್ದೀಯ?" ಟೈಪಿಸ್ಟ್ ಅಕ್ಕ ಬಗ್ಗಿ ನೋಡಿದರು.

"ಸಾಹೇಬ್ರನ್ನ, ಅಕ್ಕಾ."

"ಅವರು ಅಲ್ಲಿಗ್ಯಾಕೆ ಬರ್ತಾರೆ?"

ವಿಷಯ ತಿಳಿದದ್ದೇ ತಡ, ಇಡೀ ಕಚೇರಿ ಮಂಡಿಯೂರಿತು. ಜವಾನ ಪೊರಕೆ ತಂದ, ಜೇಡಪ್ಪ ಕಿತ್ತುಕೊಂಡ. ಗುಮಾಸ್ತರು ಅಂಗೈಯಲ್ಲಿ ಜೋಪಾನವಾಗಿ ತಂದದ್ದು ಪೆನ್ಸಿಲ್ ಮೊನೆ. "ಅಲ್ಲಾಡಬೇಡಿ ಸಾರ್" ಎಂದು ಜವಾನ ಗ್ರಂಥಪಾಲಕರ ಕೆನ್ನೆಯಿಂದ ಕೀಳಹೊರಟದ್ದು ಅವರ ಹುಟ್ಟುಮಚ್ಚೆ. ಅವರು ಮುನಿಸಿಕೊಂಡು ಎದ್ದುಹೋದರು.

ನಾಲ್ಕಕ್ಕೆ ಎರಡೇ ನಿಮಿಷವಿದ್ದಾಗ ಅಕ್ಕ ಕೈಕೊಡವಿಕೊಂಡು ಬಂದರು. "ಸಿಕ್ತು ಬಿಡು, ನನ್ನ ಕೀಬೋರ್ಡ್ ಮೇಲೇ ಓಡಾಡ್ತಿತ್ತು. ಮೇಜಿನ ಮೇಲಿನ ಸೀಸೇಲಿ ಹಾಕಿದೀನಿ."

"ಯಾವ ಸೀಸೆ? ಬುಗುಟೆ ತಲೆಯದು ಇರೋದಾ?"

"ಹೂಂ. ಪಾಪ, ಒಂದೇ ಇತ್ತಲ್ಲ."

ಜೇಡಪ್ಪ ಸೀಸೆಯತ್ತ ಓಡಿದ. "ತಿಂದುಹಾಕತ್ತೆ ಅಕ್ಕಾ, ನನ್ನ ಕೆಲಸ ತಿಂದುಹಾಕತ್ತೆ" ಎನ್ನುವಷ್ಟರಲ್ಲಿ ನಿರ್ದೇಶಕರು ಒಳಗೆ ಬಂದವರೇ ಸೀಸೆಗೆ ಭೂತಗನ್ನಡಿ ಹಿಡಿದರು. ಅವರೂ ಒಂದು ಕಾಲದಲ್ಲಿ ಜೇಡ ಹಿಡಿದವರೇ.

ಬಹಳ ಹೊತ್ತು ನೋಡಿದರು.

"ತಿಂತಾ ಇಲ್ಲ ಕಣಯ್ಯ" ಎಂದರು ಕೊನೆಗೆ. "ಸಂಸಾರ ಮಾಡ್ತಿವೆ."

ಜೇಡಪ್ಪ ಇಣುಕಿದ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬುಗುಟೆಯದು ಗಂಡು, ನುಣ್ಣನೆಯದು ಅದರದೇ ಹೆಣ್ಣು. ಎರಡನೆಯ ಪ್ರಭೇದವೆಂಬುದು ಭೂಮಿಯ ಮೇಲೆ ಇರಲೇ ಇಲ್ಲ. ಅವನಿಗೆ ಅಳುವೇ ಬಂತು.

ನಿರ್ದೇಶಕರ ಕಿವಿ ಕೆಂಪೇರಿತು. "ಅಂದ್ರೆ, ಊರಿಗೆಲ್ಲ ಹೇಳಿ ನನ್ನನ್ನ ಆ ಮನುಷ್ಯನಿಗೆ ಹೆಂಡ್ತಿ ಮಾಡಿದೆ."

"ಸಾರ್, ಅದು..."

"ಮರಿಗಳಿಗಾದ್ರೂ ನಿನ್ನ ಹೆಸರಿಟ್ಕೋ. ತಿಂಗಳ ಕೊನೆಗೆ ಸಂಸಾರ ಸಮೇತ ಹೊರಡು."